ಒಂಬತ್ತನೇ ಪಾಠದವರೆಗೆ

ಕೈಗವಸಿನ ಆ ಕಾರ್ಖಾನೆಯಲ್ಲಿ ಒಂದು ಜೊತೆಯನ್ನು ಒಬ್ಬರೇ ಹೊಲಿಯುವ ಪದ್ಧತಿ ಇರಲಿಲ್ಲ. ಎಡಗೈಯದನ್ನು ಒಬ್ಬಳು ಹೊಲಿದರೆ ಬಲಗೈಯದನ್ನು ಎದುರಿಗೆ ಕೂತ ಇನ್ನೊಬ್ಬಳು ಹೊಲಿಯುತ್ತಿದ್ದಳು. ಎಡಕ್ಕೆ ಪಳಗಿದ ಕೈ ಎಡಕ್ಕೇ ಇರಲಿ, ಬಲಕ್ಕೆ ಪಳಗಿದ ಕೈ ಬಲಕ್ಕೇ ಇರಲಿ ಎಂದು ಹಳೆಯ ಯಜಮಾನರ ತಂದೆ ಮಾಡಿಟ್ಟು ಹೋದ ಕ್ರಮ ಅದು. ಹೀಗೆ ಹದಿನಾಲ್ಕು ಹೆಂಗಸರು ಏಳು ಜೋಡಿಗಳಾಗಿ, ಉದ್ದನೆಯ ಶೆಡ್ಡಿನ ಕಿಟಕಿಗಳ ಬದಿಯಲ್ಲಿ ಏಳು ಮೇಜುಗಳಿಗೆ ಎದುರುಬದುರಾಗಿ ಕೂರುತ್ತಿದ್ದರು. ವರ್ಷಗಟ್ಟಲೆ ಹಾಗೆ ಕೂತು ಒಬ್ಬಳಿಗೆ ಸೀನು ಬರುವುದು ಇನ್ನೊಬ್ಬಳಿಗೆ ಮೊದಲೇ ತಿಳಿಯುವಷ್ಟು ಅವರು ಒಂದಾಗಿದ್ದರು.

ಶೆಡ್ಡಿನ ಬಾಗಿಲ ಹತ್ತಿರದ ದೊಡ್ಡ ಮೇಜು ಕತ್ತರಿಗಾರನದು. ತೊಗಲನ್ನು ತೇವ ಮಾಡಿ, ಎಳೆದು, ಹದಕ್ಕೆ ತಂದು, ಒಂದೇ ಚರ್ಮದ ಪಕ್ಕಪಕ್ಕದ ಜಾಗದಿಂದ ಎಡಗೈ ಬಲಗೈ ಎರಡನ್ನೂ ಕತ್ತರಿಸಿ ಕೊಡುವುದು ಅವನ ಕೆಲಸ. ಅವನ ಮೇಜು ಬಿಟ್ಟು ಹೋಗುವಾಗ ಅವೆರಡೂ ಅವಳಿ ಮಕ್ಕಳ ಹಾಗಿರುತ್ತಿದ್ದವು. ಆಮೇಲೆ ಯಾರ ಕೈಗೆ ಬಿದ್ದವೋ ಅವರ ಗುಣ ಅವಕ್ಕೆ ಬರುತ್ತಿತ್ತು.

ಕೊನೆಯ ಮೇಜಿನಲ್ಲಿ ಎಡಗೈಗೆ ಅವನ ಅಕ್ಕ, ಬಲಗೈಗೆ ಅವನ ಹೆಂಡತಿ.

ತಾಯಿ ತೀರಿಕೊಂಡಾಗ ಅಕ್ಕನಿಗೆ ಹನ್ನೆರಡು, ಅವನಿಗೆ ನಾಲ್ಕು. ಅವನನ್ನು ಸೊಂಟದಿಂದ ಇಳಿಸದೆ ಸಾಕಿದವಳು ಅವಳು. ಮದುವೆಯಾಗಿ ಹೋದವಳು ಗಂಡನನ್ನು ಕಳೆದುಕೊಂಡು, ಹೆತ್ತ ಒಂದೇ ಮಗುವನ್ನೂ ದೇವರಿಗೆ ಒಪ್ಪಿಸಿ ತಮ್ಮನ ಮನೆಗೆ ಮರಳಿದ್ದಳು. ಅವಳಿಗೆ ಉಳಿದದ್ದು ಎರಡೇ: ತಮ್ಮ ಮತ್ತು ಸೂಜಿ. ದಿನವೂ ಮೊದಲ ಹೊಲಿಗೆಗೆ ಮುಂಚೆ ಕಣ್ಣು ಮುಚ್ಚಿ ದೇವರ ಹೆಸರು ಹೇಳುತ್ತಿದ್ದಳು. ಮತ್ತೆ ಕಣ್ಣು ತೆರೆದರೆ ಮಧ್ಯಾಹ್ನದ ಗಂಟೆಯವರೆಗೆ ತಲೆ ಎತ್ತುತ್ತಿರಲಿಲ್ಲ. ಅವಳು ಕೂಡಿಸಿದ ಹೆಬ್ಬೆರಳನ್ನು ಗವಸು ಪರೀಕ್ಷಿಸುವ ಮರದ ಕೈಗೆ ತೊಡಿಸಿದರೆ ಹೊಲಿಗೆ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂದು ಹುಡುಕಬೇಕಿತ್ತು.

ಹೆಂಡತಿ ಕೆಟ್ಟವಳಲ್ಲ, ಅವಸರದವಳು. ಹೆಬ್ಬೆರಳ ಬುಡ ಸುಕ್ಕಾಗುತ್ತಿತ್ತು, ಹೊಲಿಗೆ ನಡುನಡುವೆ ಒಂದೊಂದು ತಪ್ಪುತ್ತಿತ್ತು, ಗವಸಿನ ಬೆನ್ನಿನ ಮೇಲಿನ ಮೂರು ಹೊಲಿಗೆಯ ಗೆರೆಗಳಲ್ಲಿ ನಡುವಿನದು ಕುಡಿದವನ ಹಾಗೆ ವಾಲುತ್ತಿತ್ತು. ಸಂಜೆ ಗಂಟೆ ಹೊಡೆಯುವ ಮೊದಲು ಅಕ್ಕ ತುಟಿ ಬಿಚ್ಚದೆ ಅವಳ ಬಲಗೈಗಳನ್ನು ಎಳೆದುಕೊಂಡು ಹೆಬ್ಬೆರಳು ಬಿಚ್ಚಿ ಮತ್ತೆ ಹೊಲಿಯುತ್ತಿದ್ದಳು. ಹೊತ್ತು ಸಾಲದೆ ಹೋದ ದಿನ ಮೇಸ್ತ್ರಿ ಪೆಟ್ಟಿಗೆ ತುಂಬುವಾಗ ಅಕ್ಕ ಹೊಲಿದ ಎಡಗೈ ಮೇಲೆ ಬರುವಂತೆ ಇಡುತ್ತಿದ್ದ. ಶೆಡ್ಡಿನಲ್ಲಿ ಇದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ.

ಹಳೆಯ ಯಜಮಾನರು ಕಾರ್ಖಾನೆಯನ್ನು ಸಮುದ್ರದಾಚೆಯ ಒಂದು ಕಂಪನಿಗೆ ಮಾರಿದರು. ಆ ಕಂಪನಿಯವರ ಮಾತು ಸ್ಪ್ಯಾನಿಷ್. ಆರು ತಿಂಗಳಲ್ಲಿ ಅವರ ಕಡೆಯವರು ನೋಡಲು ಬರುತ್ತಾರೆ, ಅಷ್ಟರೊಳಗೆ ಶೆಡ್ಡಿನವರು ಒಬ್ಬರು ಆ ಭಾಷೆ ಕಲಿತಿರಬೇಕು ಎಂದು ಅಪ್ಪಣೆ ಬಂತು. ಮೇಸ್ತ್ರಿ ತನ್ನ ಬೋಳು ತಲೆ ಸವರಿಕೊಂಡು, “ನಂಗೆ ಹಲ್ಲೇ ನಿಲ್ಲಲ್ಲ, ಹೊಸ ಭಾಷೆ ಎಲ್ಲಿ ನಿಲ್ಲುತ್ತೆ? ನೀನೇ ಹೋಗಪ್ಪ” ಎಂದು ಕತ್ತರಿಗಾರನನ್ನು ಮುಂದೆ ಮಾಡಿದ.

ಊರಿನಲ್ಲಿ ಆ ಭಾಷೆ ಬಲ್ಲವರು ಒಬ್ಬರೇ. ಸರಕಿನ ಹಡಗುಗಳಲ್ಲಿ ಇಪ್ಪತ್ತೆರಡು ವರ್ಷ ಅಡುಗೆ ಮಾಡಿ ಬಂದವರು. ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ವಾರಕ್ಕೆ ಒಂದು ಸಂಜೆ ಐದಾರು ಜನರಿಗೆ ಪಾಠ ಹೇಳುತ್ತಿದ್ದರು. ಹಡಗಿನ ಮೇಷ್ಟ್ರು ಎಂದೇ ಅವರ ಹೆಸರು. ಅಂಕಿ, ಬಣ್ಣ, ನೆಂಟಸ್ತಿಕೆ ಎಲ್ಲ ಮುಗಿದು ಎಂಟು ಮತ್ತು ಒಂಬತ್ತನೇ ಪಾಠಕ್ಕೆ ಬಂದರು. ಅವು ಹೋಲಿಕೆಯ ಪಾಠಗಳು. ಮೇಷ್ಟ್ರು ಪ್ರತಿ ಸಲ ಚೀಲದಲ್ಲಿ ಎರಡೆರಡು ವಸ್ತು ತರುತ್ತಿದ್ದರು: ಎರಡು ಈರುಳ್ಳಿ, ಎರಡು ಬೀಗ, ಹಳೆಯದೊಂದು ಹೊಸದೊಂದು ಪೊರಕೆ.

“ನಾವು ಇದಕ್ಕಿಂತ ಅದು ದೊಡ್ಡದು ಅಂತೀವಿ. ಅವರಲ್ಲಿ ಹೆಚ್ಚಿದ್ರೆ ಮಾಸ್, ಕಮ್ಮಿ ಇದ್ರೆ ಮೆನೋಸ್. ಗುಣದ ಮಾತಿಗೆ ಮುಂಚೆ ಅದನ್ನಿಡಿ, ಆಮೇಲೆ ಕೆ ಅನ್ನಿ. ಮಾಸ್ ಗ್ರಾಂದೆ ಕೆ. ಇಷ್ಟೇ. ಕುರಿ ಕಾಯೋನಿಗೂ ಬರುತ್ತೆ” ಎಂದರು ಮೇಷ್ಟ್ರು.

ತರಗತಿಯಲ್ಲಿ ಒಬ್ಬ ಕ್ಷೌರಿಕನಿದ್ದ, ಒಬ್ಬಳು ಆಸ್ಪತ್ರೆಯ ನರ್ಸಮ್ಮ ಇದ್ದಳು. ಮೇಷ್ಟ್ರು ಇಬ್ಬರನ್ನೂ ಪಕ್ಕಪಕ್ಕ ನಿಲ್ಲಿಸಿ ಯಾರು ಎತ್ತರ ಹೇಳು ಎಂದು ಕ್ಷೌರಿಕನನ್ನೇ ಕೇಳಿದರು. ಅವನು ನರ್ಸಮ್ಮನ ಭುಜಕ್ಕೆ ಬರುತ್ತಿದ್ದ.

“ನಾನು ಮಾಸ್ ಆಲ್ತೋ...”

“ಏಯ್, ಸುಳ್ಳು!” ಮೇಷ್ಟ್ರು ಪೊರಕೆಯ ಹಿಡಿಯಿಂದ ಮೇಜು ಕುಟ್ಟಿದರು. “ನನ್ನ ಕ್ಲಾಸಲ್ಲಿ ಸುಳ್ಳು ವಾಕ್ಯ ಹೇಳೋ ಹಾಗಿಲ್ಲ. ಸುಳ್ಳು ನಾಲಿಗೆಗೆ ಅಂಟಲ್ಲ. ಇರೋದನ್ನ ಹೇಳು.”

“ಮೇಷ್ಟ್ರೇ, ಇರೋದನ್ನ ಹೇಳಿದ್ರೆ ನನ್ ಹೆಂಡ್ತಿಗೆ ಗೊತ್ತಾಗುತ್ತೆ” ಎಂದ ಕ್ಷೌರಿಕ. ಕೋಣೆಯೆಲ್ಲ ನಕ್ಕಿತು.

ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಬೇರೆಯೇ ಮಾತುಗಳಿದ್ದವು. ಇದಕ್ಕಿಂತ ಒಳ್ಳೆಯದು ಎನ್ನಲು ಮೆಹೋರ್, ಕೆಟ್ಟದ್ದು ಎನ್ನಲು ಪೆಓರ್. ವಯಸ್ಸಿನಲ್ಲಿ ಹಿರಿಯರಿಗೆ ಮಯೋರ್, ಕಿರಿಯರಿಗೆ ಮೆನೋರ್. ಮಾಸ್ ಮೆಹೋರ್ ಎಂದವರಿಗೆ, “ಜೇನಿಗೆ ಸಕ್ಕರೆ ಹಾಕ್ತೀಯಾ?” ಎಂದು ಬೈಗುಳ ಬೀಳುತ್ತಿತ್ತು. ಎರಡೂ ಸಮ ಎನ್ನಬೇಕಾದರೆ ತಾನ್ ಎಂದು ಮೊದಲು, ಕೋಮೋ ಎಂದು ಆಮೇಲೆ. ಕತ್ತರಿಗಾರನಿಗೆ ಈ ಕೊನೆಯದು ಬಹಳ ಹಿಡಿಸಿತು. ಏನು ಕೇಳಿದರೂ ತಾನ್, ಕೋಮೋ ಎಂದುಬಿಡುತ್ತಿದ್ದ.

“ಈ ಪೊರಕೆ ಆ ಪೊರಕೆ ಸಮವೇನಯ್ಯಾ?” ಮೇಷ್ಟ್ರು ಹಳೆಯ ಪೊರಕೆಯನ್ನು ಅವನ ಮೂಗಿನ ಹತ್ತಿರ ಹಿಡಿದರು. “ಸೋಮಾರಿಗಳ ಮಾತು ಇದು. ಕಣ್ಣಿಟ್ಟು ನೋಡಿದೋನಿಗೆ ಪ್ರಪಂಚದಲ್ಲಿ ಎರಡು ಈರುಳ್ಳಿ ಸಮ ಕಾಣಲ್ಲ.”

ಕಾರಣ ಹೇಳುವುದು ಹೇಗೆ ಎಂದು ನರ್ಸಮ್ಮ ಕೇಳಿದಳು. ಅದು ಹನ್ನೊಂದನೇ ಪಾಠ, ಅವಸರ ಬೇಡ ಎಂದರು ಮೇಷ್ಟ್ರು.

ಕಲಿತದ್ದನ್ನು ಕತ್ತರಿಗಾರ ಮರುದಿನ ಚಹಾ ಹೊತ್ತಿನಲ್ಲಿ ಶೆಡ್ಡಿನ ಹೆಂಗಸರಿಗೆ ಒಪ್ಪಿಸುತ್ತಿದ್ದ. ಅವರಿಗೆ ಅದೊಂದು ಆಟ. ಅವನನ್ನು ಚಿಕ್ಕ ಮೇಷ್ಟ್ರು ಎಂದು ಕೂಗುತ್ತಿದ್ದರು. ಮೊದಲ ಮೇಜಿನ ಬಲಗೈಯವಳಿಗೆ ರೇಡಿಯೋ ಎಂದು ಹೆಸರು, ಬಾಯಿ ಆರಿಸಲು ಬಾರದವಳು. ಅವಳ ಎದುರಿಗೆ ಕೂರುವ ಎಡಗೈಯವಳು ಇರುವೆ, ಸದ್ದಿಲ್ಲದೆ ಸರಸರ ಕೆಲಸ ಮಾಡುವವಳು.

“ಇರುವೆ, ನಿನ್ ಮೂಗು ಮಾಸ್ ಉದ್ದ ಕೆ ನನ್ ಮೂಗು!” ಎನ್ನುತ್ತಿದ್ದಳು ರೇಡಿಯೋ.

“ನಿನ್ ನಾಲಿಗೆ ಮಾಸ್ ಉದ್ದ ಕೆ ನಮ್ ಬೀದಿ” ಎನ್ನುತ್ತಿದ್ದಳು ಇರುವೆ.

ಮೇಸ್ತ್ರಿ ಹಾದುಹೋದರೆ ಎಲ್ಲರೂ ಒಟ್ಟಿಗೆ “ಮಯೋರ್! ಮಯೋರ್!” ಎಂದು ಕೂಗುತ್ತಿದ್ದರು. ಹೀಗೆ ಒಂದೆರಡು ವಾರದಲ್ಲಿ ಹದಿನಾಲ್ಕು ಹೆಂಗಸರಿಗೂ ಆ ಆರೇಳು ಮಾತು ಬಾಯಿಪಾಠವಾಯಿತು. ಅಕ್ಕನಿಗೂ ಬಂತು. ಅವಳು ಆಟಕ್ಕೆ ಸೇರುತ್ತಿರಲಿಲ್ಲ, ತಮ್ಮನ ಬಾಯಿಂದ ಬೇರೆ ಭಾಷೆ ಬರುವುದನ್ನು ಕೇಳುತ್ತ ಚಹಾ ತಣಿಸಿಕೊಳ್ಳುತ್ತಿದ್ದಳು. “ನಮ್ಮಮ್ಮ ಇದ್ದಿದ್ರೆ...” ಎಂದು ಶುರುಮಾಡಿ ಅಷ್ಟಕ್ಕೇ ನಿಲ್ಲಿಸುತ್ತಿದ್ದಳು.

ಆರು ತಿಂಗಳಿಗೆ ಬರಬೇಕಾದವರು ಎರಡೂವರೆ ತಿಂಗಳಿಗೇ ಬಂದರು.

ಹಿಂದಿನ ದಿನ ಮೇಸ್ತ್ರಿ ಕತ್ತರಿಗಾರನನ್ನು ತೊಗಲಿನ ಕೋಣೆಗೆ ಕರೆದು ಬಾಗಿಲು ಹಾಕಿದ. “ಇನ್ಮೇಲೆ ಎಡಗೈ ಬಲಗೈ ಎರಡೂ ಒಬ್ರೇ ಹೊಲೀಬೇಕಂತೆ. ಏಳು ಜನ ಸಾಕಂತೆ. ಪ್ರತಿ ಮೇಜಿಂದ ಒಬ್ರು ಹೋಗ್ಬೇಕು.”

“ಯಾರು ಹೋಗ್ಬೇಕು ಅಂತ ಯಾರು ಹೇಳೋದು?”

“ನೀನು.” ಮೇಸ್ತ್ರಿ ಗೋಡೆ ನೋಡಿಕೊಂಡು ಹೇಳಿದ. “ಅವರ ಪದ್ಧತಿ ಹಾಗಂತೆ. ಅವರಾಗಿ ಯಾರನ್ನೂ ಹೋಗು ಅನ್ನಲ್ಲ, ಕೆಲಸದವರ ಪೈಕಿಯವನೇ ಹೋಲಿಸಿ ಹೇಳ್ಬೇಕು. ಆಮೇಲೆ ಯಾರೂ ಕಂಪನಿ ಮೇಲೆ ಮಣ್ಣು ತೂರೋಕಾಗಲ್ಲ ನೋಡು. ಇನ್ನೊಂದು ಮಾತು. ಒಂದೇ ಮನೆಯವರು ಒಂದೇ ಶೆಡ್ಡಲ್ಲಿ ಇರಕೂಡದು ಅಂತ ಕಾಗದದಲ್ಲಿದೆ. ಅಕ್ಕ, ಹೆಂಡ್ತಿ ಅಂತ ಬಾಯಿ ತಪ್ಪಿ ಅಂದ್ಯೋ, ಮೂರು ಜನಾನೂ ಬೀದೀಲಿರ್ತೀರಿ.”

ಅತ್ತ ದರಿ, ಇತ್ತ ಪುಲಿ. ಕತ್ತರಿಗಾರ ಮನೆಗೆ ಬಂದು ವಿಷಯ ಹೇಳಿದ. ಇಬ್ಬರು ಹೆಂಗಸರೂ ಕೇಳಿಸಿಕೊಂಡರು.

ಬೆಳಿಗ್ಗೆ ಅವನು ಕನ್ನಡಿಯ ಮುಂದೆ ಮುಖ ಕ್ಷೌರ ಮಾಡಿಕೊಳ್ಳುತ್ತಿದ್ದಾಗ ಹೆಂಡತಿ ಬಿಸಿನೀರಿನ ಲೋಟ ತಂದಿಟ್ಟಳು. “ರೀ, ನಾನೇನೂ ಹೇಳಲ್ಲ. ಆದ್ರೆ ಅತ್ತಿಗೆಗೆ ಹೊಟ್ಟೆಗೆ ಹಾಕೋಕೆ ನಾವಿದ್ದೀವಿ. ನಾನು ಮನೇಲಿ ಕೂತ್ರೆ ನಾಳೆ ನೀವೇ ಎಲ್ಲದಕ್ಕೂ ಮುಖ ಸಿಂಡರಿಸ್ತೀರಿ. ಏನಾದ್ರೂ ಹೆಚ್ಚುಕಮ್ಮಿ ಆಯ್ತೋ, ನಾನು ತೌರಿಗೆ ಹೊರಟೆ.” ಏನೂ ಹೇಳುವುದಿಲ್ಲ ಎಂದವಳು ಅಷ್ಟು ಹೇಳಿ ಹೋದಳು.

ಅಕ್ಕ ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಳು. “ಏನ್ ಹೇಳ್ಲಿ ಅಕ್ಕಾ?” ಎಂದು ಕೇಳಿದ.

“ಕಣ್ಣಿಗೆ ಕಂಡದ್ದನ್ನ ಹೇಳು” ಎಂದಳು ಅಕ್ಕ. “ದೇವರು ಕಣ್ಣು ಕೊಟ್ಟಿದ್ದು ಅದಕ್ಕೇ.”

ಬಂದವಳು ಒಬ್ಬ ಹೆಂಗಸು. ಬೂದು ಬಣ್ಣದ ಬಟ್ಟೆ, ಕಪ್ಪು ದಾರದಲ್ಲಿ ಕೊರಳಿಗೆ ತೂಗುಬಿಟ್ಟ ಕನ್ನಡಕ. ಮುಖದಲ್ಲಿ ಸಿಟ್ಟೂ ಇರಲಿಲ್ಲ, ನಗುವೂ ಇರಲಿಲ್ಲ. ಕಾಗದದ ಮೇಲೆ ಎರಡು ಸಾಲು ಗೀಚಿಕೊಂಡು ಮೊದಲ ಮೇಜಿಗೆ ಬಂದಳು. ಇಬ್ಬರು ಹೊಲಿದ ಒಂದು ಜೊತೆಯನ್ನು ಎರಡು ಮರದ ಕೈಗಳಿಗೆ ತೊಡಿಸಿ, ಬೆಳಕಿಗೆ ತಿರುಗಿಸಿ, ಕತ್ತರಿಗಾರನ ಕಡೆ ನೋಡಿದಳು.

“ಕ್ವಾಲ್ ಎಸ್ ಮೆಹೋರ್?”

ಯಾವುದು ಮೇಲು? ಹದಿನಾಲ್ಕು ಸೂಜಿಗಳೂ ನಿಂತವು. ಮಾತು ಎಲ್ಲರಿಗೂ ಅರ್ಥವಾಗಿತ್ತು.

ರೇಡಿಯೋ ಹೊಲಿದ ಬಲಗೈ ಗವಸು ಓರೆಯಾಗಿತ್ತು. ಹಿಂದಿನ ತಿಂಗಳು ಸೂಜಿ ಅವಳ ತೋರುಬೆರಳಿಗೆ ಹೊಕ್ಕು, ಬೆರಳು ಇನ್ನೂ ನೆಟ್ಟಗೆ ಮಡಚುತ್ತಿರಲಿಲ್ಲ. ಅವಳು ಬಟ್ಟೆ ಸುತ್ತಿದ ಬೆರಳನ್ನು ಎತ್ತಿ ಹಿಡಿದಳು. “ಹೇಳೋ, ಬೆರಳಿಗೆ ಸೂಜಿ ಹೊಕ್ಕಿತ್ತು, ಅದಕ್ಕೆ ಹೀಗಾಗಿದೆ ಅಂತ ಹೇಳು.”

“ಆ ಪಾಠ ಆಗಿಲ್ಲ” ಎಂದ ಕತ್ತರಿಗಾರ.

“ಯಾವ ಪಾಠ?”

“ಕಾರಣದ ಪಾಠ. ಹನ್ನೊಂದನೇದು.”

“ಅಯ್ಯೋ ನಿನ್ ಪಾಠಕ್ಕಿಷ್ಟು ಬೆಂಕಿ ಹಾಕ! ಕೈ ಸನ್ನೆನಾದ್ರೂ ಮಾಡೋ!”

ಕನ್ನಡಕದಮ್ಮ ಪೆನ್ನಿನ ತುದಿಯಿಂದ ಮೇಜು ತಟ್ಟಿದಳು. ಕತ್ತರಿಗಾರ ಇರುವೆ ಹೊಲಿದ ಎಡಗೈ ಗವಸು ಮುಟ್ಟಿ, “ಎಸ್ತೆ ಎಸ್ ಮೆಹೋರ್ ಕೆ ಎಸೆ” ಎಂದ. ಇದು ಅದಕ್ಕಿಂತ ಮೇಲು. ವಾಕ್ಯ ತಪ್ಪಿಲ್ಲದೆ ಬಂತು. ಕನ್ನಡಕದಮ್ಮ ತಲೆಯಾಡಿಸಿ ಒಂದು ಹೆಸರಿನ ಮುಂದೆ ಗೀಟು ಎಳೆದಳು. ರೇಡಿಯೋ ಬಾಯಿ ತೆರೆದಳು, ಮುಚ್ಚಿದಳು. ಆ ಶೆಡ್ಡಿನಲ್ಲಿ ಅವಳು ಮಾತಿಲ್ಲದೆ ನಿಂತದ್ದು ಅದೇ ಮೊದಲು. ಇರುವೆ ಎದುರಿಗೆ ಕೂತವಳ ಮುಖ ನೋಡಲಾರದೆ ಮೇಜಿನ ಕೆಳಗೆ ಬೀಳದ ಸೂಜಿಯನ್ನು ಹುಡುಕತೊಡಗಿದಳು.

ಎರಡನೇ ಮೇಜಿನಲ್ಲಿ ಅವನ ದನಿ ಗಟ್ಟಿಯಾಯಿತು. ಮೂರನೆಯದರಲ್ಲಿ ಅವನು ಕೈಗವಸನ್ನು ಎತ್ತಿ, ಸುಕ್ಕನ್ನು ತೋರಿಸಿ, ಪೆಓರ್ ಎಂದ. ಹಾಗೆ ತೋರಿಸು ಎಂದು ಯಾರೂ ಕೇಳಿರಲಿಲ್ಲ. ಇಷ್ಟು ದಿನ ಚಿಕ್ಕ ಮೇಷ್ಟ್ರು, ಚಿಕ್ಕ ಮೇಷ್ಟ್ರು ಎಂದು ನಗುತ್ತಿದ್ದವರೆಲ್ಲ ಈಗ ಅವನ ತುಟಿಯನ್ನೇ ನೋಡುತ್ತಿದ್ದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಆರನೇ ಮೇಜಿನವಳು ಅವನ ಹೆಂಡತಿಯ ಬಾಣಂತನಕ್ಕೆ ಬಂದು ಹದಿನೈದು ದಿನ ನಿಂತಿದ್ದವಳು. ಅವಳನ್ನೂ ಒಂದೇ ಉಸಿರಿನಲ್ಲಿ ಕಳಿಸಿದ. ಹೇಳಿದ್ದೆಲ್ಲ ನಿಜವೇ. ಹಡಗಿನ ಮೇಷ್ಟ್ರು ಇದ್ದಿದ್ದರೆ ಒಂದು ತಪ್ಪೂ ಹಿಡಿಯುತ್ತಿರಲಿಲ್ಲ.

ಕೊನೆಯ ಮೇಜಿಗೆ ಬಂದರು.

ಅಕ್ಕನ ಎಡಗೈ ಒಂದು ಮರದ ಕೈಗೆ ಏರಿತು, ಹೆಂಡತಿಯ ಬಲಗೈ ಇನ್ನೊಂದಕ್ಕೆ. ಆ ದಿನ ಬೆಳಿಗ್ಗೆ ತಾನೇ ಹೊಲಿದ ಜೊತೆ, ಅಕ್ಕ ತಿದ್ದಿರಲಿಲ್ಲ. ಕುರುಡರೂ ಕೈಯಾಡಿಸಿ ಹೇಳಬಹುದಿತ್ತು. ಹೆಂಡತಿ ಗಂಡನನ್ನು ನೋಡುತ್ತಿದ್ದಳು. ಅಕ್ಕ ಕೈಗವಸುಗಳನ್ನು ನೋಡುತ್ತಿದ್ದಳು, ಹೆತ್ತವರು ಮಕ್ಕಳನ್ನು ನೋಡುವ ಹಾಗೆ, ಅಂಜಿಕೆಯಿಲ್ಲದೆ.

“ಕ್ವಾಲ್ ಎಸ್ ಮೆಹೋರ್?”

ಆರು ಮೇಜಿನಲ್ಲಿ ಹರಿದ ನಾಲಿಗೆ ಏಳನೆಯದರಲ್ಲಿ ಅಂಗುಳಿಗೆ ಅಂಟಿತು. ಅವನು ಎಡಗೈ ನೋಡಿದ, ಬಲಗೈ ನೋಡಿದ, ಮೇಸ್ತ್ರಿಯನ್ನು ನೋಡಿದ. ಮೇಸ್ತ್ರಿ ಚಾವಣಿ ನೋಡುತ್ತಿದ್ದ.

“ಎಸ್ತೆ ಎಸ್ ತಾನ್ ಬ್ವೇನೋ ಕೋಮೋ ಎಸೆ.”

ಎರಡೂ ಸಮ. ಆರು ಮೇಜಿನ ಹೆಂಗಸರ ಬಾಯಿಂದ ಒಂದು ಉಸಿರು ಹೊರಬಿತ್ತು. “ಥೂ” ಎಂದಳು ರೇಡಿಯೋ, ಯಾರಿಗೂ ಹೇಳದವಳಂತೆ.

ಕನ್ನಡಕದಮ್ಮ ಕನ್ನಡಕ ಕೆಳಗಿಳಿಸಿ ಮೊದಲ ಬಾರಿಗೆ ಅವನ ಮುಖವನ್ನು ಸರಿಯಾಗಿ ನೋಡಿದಳು. ಎಡಗೈಯ ಹೆಬ್ಬೆರಳ ಬುಡವನ್ನು ಉಗುರಿನಿಂದ ಸವರಿದಳು, ಬಲಗೈಯದನ್ನು ಸವರಿದಳು. ಅವಳಿಗೆ ಕಾಣದೆ ಇರಲಿಲ್ಲ. ಆದರೆ ಹೇಳುವವನು ಅವನು, ಬರೆಯುವವಳು ಅವಳು. ಅದಕ್ಕಿಂತ ಹೆಚ್ಚಿನ ಹೊರೆ ಅವಳದಲ್ಲ. ಸಮ ಎಂದ ಮೇಲೆ ಬೇರೆ ಅಳತೆ ಬೇಕು. ಅವಳು ಕಾಗದ ಮೇಲೆತ್ತಿಕೊಂಡು ಇಬ್ಬರ ಕಡೆಗೂ ಪೆನ್ನು ಆಡಿಸಿ ಕೇಳಿದಳು.

“ಕಿಯೆನ್ ಎಸ್ ಮಯೋರ್?”

ಯಾರು ಹಿರಿಯರು? ಚಹಾ ಹೊತ್ತಿನಲ್ಲಿ ಕೂಗಿ ಕೂಗಿ ಸವೆದ ಮಾತು ಅದು. ಅರ್ಥವಾಗಲಿಲ್ಲ ಎನ್ನುವಂತಿರಲಿಲ್ಲ, ಸುಳ್ಳು ಹೇಳುವಂತೆಯೂ ಇರಲಿಲ್ಲ. ನರೆತ ತಲೆ, ನರೆಯದ ತಲೆ ಎರಡೂ ಎದುರಿಗೇ ಇದ್ದವು. ಕತ್ತರಿಗಾರನ ಬೆರಳು ಅಕ್ಕನ ಕಡೆಗೆ ಎದ್ದಿತು. ಅಕ್ಕ ಆ ಬೆರಳನ್ನು ನೋಡಿದಳು. ಚಿಕ್ಕಂದಿನಲ್ಲಿ ಅದನ್ನು ಹಿಡಿದು ದಾರಿ ನಡೆಸಿದವಳು ಅವಳು.

ಅಕ್ಕನ ಹೆಸರಿನ ಮುಂದೆ ಗೀಟು ಬಿತ್ತು.

ಅಕ್ಕ ತೊಗಲು ಹೊಲಿಯುವ ತನ್ನ ಮೂರು ಮೂಲೆಯ ಸೂಜಿಗಳನ್ನು ಬಟ್ಟೆಯ ಚೂರಿಗೆ ಚುಚ್ಚಿ ಮಡಚಿಕೊಂಡಳು. ಹೊರಗೆ ಹೋಗುವಾಗ ತಮ್ಮನ ಮೇಜಿನ ಪಕ್ಕದಲ್ಲಿಯೇ ಹಾದು ಹೋದಳು, ನಿಲ್ಲಲಿಲ್ಲ.

ಸಂಜೆ ಅವನು ಮನೆಗೆ ಬರುವಷ್ಟರಲ್ಲಿ ಅವಳು ಹಿತ್ತಿಲ ಮೆಟ್ಟಿಲಲ್ಲಿ ಕೂತಿದ್ದಳು. ಹೆಂಡತಿ ಒಳಗೆ ಪಾತ್ರೆ ತೊಳೆಯುತ್ತಿದ್ದಳು. ಅವನು ಬಂದು ಒಂದು ಮೆಟ್ಟಿಲು ಕೆಳಗೆ ಕೂತ.

“ಕೆಲಸ ಹೋಯ್ತು, ಹೋಗ್ಲಿ” ಎಂದಳು ಅಕ್ಕ. “ಕೊಟ್ಟೋನು ದೇವರು, ಕಿತ್ಕೊಂಡೋನೂ ಅವನೇ. ನನ್ ಮಗೂನೇ ಕಿತ್ಕೊಂಡ, ಇದೇನು ಮಹಾ. ವಯಸ್ಸಾಗಿದೆ ಅಂತ ತೋರಿಸ್ದೆ, ಅದೂ ನಿಜಾನೇ. ಆದ್ರೆ ಸಮ ಅಂದ್ಯಲ್ಲೋ.”

“ಇಬ್ರೂ ಉಳೀಲಿ ಅಂತ ಅಂದೆ ಅಕ್ಕಾ. ಹಾವೂ ಸಾಯ್ಬಾರ್ದು, ಕೋಲೂ ಮುರೀಬಾರ್ದು ಅಂತ.”

“ಹಾವು ಯಾರು, ಕೋಲು ಯಾರು?”

ಅವನು ಮೆಟ್ಟಿಲ ಮೇಲಿನ ಮಣ್ಣನ್ನು ಉಗುರಿನಿಂದ ಕೆರೆದ.

“ಮೂವತ್ತು ವರ್ಷ ಎಡಗೈ ಹೊಲಿದೆ. ಹೊಲಿದಿದ್ದೆಲ್ಲ ಯಾರ್ಯಾರದೋ ಕೈಗೆ ಹೋಯ್ತು, ಒಂದೂ ನನ್ನ ಹತ್ರ ಇಲ್ಲ. ನಾನು ಹೇಗೆ ಹೊಲೀತಿದ್ದೆ ಅಂತ ಬಲ್ಲೋರು ನೀವಷ್ಟು ಜನ ಮಾತ್ರ. ಅವಳದೇ ಮೇಲು ಅಂದಿದ್ರೂ ಹೆಂಡ್ತಿ ಮೋಹ ಅಂತ ನಕ್ಕು ಬಿಡ್ತಿದ್ದೆ. ಈಗ ಕೇಳ್ತೀನಿ, ಹೇಳು. ನಿನ್ ಕಣ್ಣಿಗೆ ಅವೆರಡೂ ಸಮ ಕಂಡ್ವಾ?”

ಒಳಗೆ ಪಾತ್ರೆಯ ಸದ್ದು ನಿಂತಿತು.

ಕತ್ತರಿಗಾರ ಹಿಂದೆ ತಿರುಗಿ ಬಾಗಿಲ ಕಡೆ ನೋಡಿದ. “ಹೌದು” ಎಂದ. “ಸಮನೇ ಕಂಡ್ವು.”

“ಹಾಗಾದ್ರೆ ಸರಿ” ಎಂದು ಅಕ್ಕ ಎದ್ದಳು. ಒಳಗೆ ಪಾತ್ರೆಗಳು ಮತ್ತೆ ಸದ್ದು ಮಾಡಿದವು.

ಹೊಸ ಕ್ರಮ ಶುರುವಾಯಿತು. ಮೂರು ವಾರ ಬಿಟ್ಟು ಕನ್ನಡಕದಮ್ಮ ಮತ್ತೆ ಬರುವವಳಿದ್ದಳು. ಅಷ್ಟರಲ್ಲಿ ಒಬ್ಬೊಬ್ಬಳೂ ಎರಡೂ ಕೈ ತಾನೇ ಹೊಲಿದ ನಲವತ್ತು ಜೊತೆ ಮಾಡಿಟ್ಟಿರಬೇಕು. ಹೆಂಡತಿಗೆ ಬಲಗೈಯೇ ಕಷ್ಟ, ಎಡಗೈ ಎಂದರೆ ಎಲ್ಲವೂ ತಲೆಕೆಳಗು. ಮೂರು ದಿನ ಒದ್ದಾಡಿ ನಾಲ್ಕು ಎಡಗೈ ಹೊಲಿದಳು, ನಾಲ್ಕನ್ನೂ ಮೇಸ್ತ್ರಿ ಬಿಚ್ಚಿಸಿದ. ತಿದ್ದಿ ಕೊಡಲು ಎದುರಿನ ಕುರ್ಚಿಯಲ್ಲಿ ಯಾರೂ ಇರಲಿಲ್ಲ. ನಾಲ್ಕನೇ ದಿನ ಅವಳು ಕತ್ತರಿಸಿದ ತೊಗಲಿನ ಕಟ್ಟನ್ನು ಚೀಲದಲ್ಲಿ ಹಾಕಿಕೊಂಡು ಮನೆಗೆ ತಂದು ಅಕ್ಕನ ಮುಂದೆ ಇಟ್ಟಳು.

“ಅತ್ತಿಗೆ, ಮನೇಲಿ ಸುಮ್ನೆ ಕೂತಿರ್ತೀರಲ್ಲ, ನಿಮಗೂ ಹೊತ್ತು ಹೋಗಲ್ಲ. ಎಡಗೈಗಳನ್ನ ನೀವು ನೋಡ್ಕೊಂಡ್ರೆ ನಂಗೂ ಉಸಿರಾಡೋಕಾಗುತ್ತೆ. ಹೆಂಗೂ ನಮ್ಮನೇದೇ ಅಲ್ವಾ?”

ಅಕ್ಕ ಚೀಲವನ್ನು ಒದೆಯುತ್ತಾಳೆ ಎಂದುಕೊಂಡ ಕತ್ತರಿಗಾರ. ಅವಳು ಒದೆಯಲಿಲ್ಲ. ಒಂದು ತುಂಡನ್ನು ಎತ್ತಿ, ಎಳೆದು, ಬೆಳಕಿಗೆ ಹಿಡಿದು ನೋಡಿದಳು. “ನೀನು ಹೊಲಿದ ಬಲಗೈಗಳನ್ನೂ ತಂದುಕೊಡು” ಎಂದಳು. “ಜೊತೆ ಹೊಂದ್ಬೇಕಲ್ಲ.”

“ನೋಡಿ, ನಾ ಹೇಳ್ಲಿಲ್ವಾ?” ಎಂದು ಹೆಂಡತಿ ಗಂಡನಿಗೆ ಕಣ್ಣಲ್ಲೇ ಹೇಳಿದಳು. ರಕ್ತ ನೀರಿಗಿಂತ ಗಟ್ಟಿ ಎಂದು ಅವನೂ ಸಮಾಧಾನಪಟ್ಟುಕೊಂಡ. ದೇವರು ಮನೆ ಒಡೆಯಲಿಲ್ಲ ಎಂದುಕೊಂಡ. ಶೆಡ್ಡಿನಲ್ಲಿ ಉಳಿದ ಆರು ಹೆಂಗಸರು ಅವನ ಜೊತೆ ಮಾತು ಬಿಟ್ಟಿದ್ದರು, ಅವನು ಬಂದರೆ ಚಹಾ ಲೋಟ ಎತ್ತಿಕೊಂಡು ಏಳುತ್ತಿದ್ದರು. ಮನೆಯಲ್ಲಾದರೂ ನೆಮ್ಮದಿ ಇದೆಯಲ್ಲ ಎಂಬುದೇ ಅವನಿಗೆ ಸಾಕಾಗಿತ್ತು.

ಅಕ್ಕ ಹಗಲೆಲ್ಲ ಕಿಟಕಿಯ ಹತ್ತಿರ ಕೂತು ಹೊಲಿದಳು. ಒಂದೊಂದು ಬಲಗೈಯನ್ನೂ ತೊಡೆಯ ಮೇಲೆ ಹರಡಿ, ಬಹಳ ಹೊತ್ತು ನೋಡಿ, ಆಮೇಲೆ ಎಡಗೈಗೆ ಸೂಜಿ ಹಾಕುತ್ತಿದ್ದಳು. ಮುಗಿದ ಜೊತೆಯನ್ನು ಅಂಗೈ ಅಂಗೈ ಕೂಡಿಸಿ ಪೆಟ್ಟಿಗೆಯಲ್ಲಿ ಇಟ್ಟು ಮುಚ್ಚುತ್ತಿದ್ದಳು. ಅವಳ ಕೆಲಸವನ್ನು ನೋಡಬೇಕೆಂದು ಇಬ್ಬರಿಗೂ ತೋರಲಿಲ್ಲ. ಅವಳ ಕೆಲಸವನ್ನು ಯಾರು ತಾನೇ ಯಾವಾಗ ಪರೀಕ್ಷಿಸಿದ್ದರು?

ಮೂರು ವಾರ ಮುಗಿದ ಬೆಳಿಗ್ಗೆ ಹೆಂಡತಿ ತಲೆ ಬಾಚಿಕೊಂಡು ಆಗಲೇ ಬೀದಿಗೆ ಇಳಿದಿದ್ದಳು. ಕತ್ತರಿಗಾರ ಪೆಟ್ಟಿಗೆಯನ್ನು ಚೀಲಕ್ಕೆ ಇಳಿಸಲು ಮುಚ್ಚಳ ತೆಗೆದವನು ಮೇಲಿನ ಜೊತೆಯನ್ನು ಕೈಗೆ ತೆಗೆದುಕೊಂಡ. ಬಲಗೈಯ ಹೆಬ್ಬೆರಳ ಬುಡದಲ್ಲಿ ಎರಡು ಸುಕ್ಕು. ಎಡಗೈಯ ಹೆಬ್ಬೆರಳ ಬುಡದಲ್ಲಿಯೂ ಎರಡು ಸುಕ್ಕು, ಅಷ್ಟೇ ಉದ್ದ, ಅಷ್ಟೇ ಆಳ. ಬಲಗೈಯಲ್ಲಿ ಕಿರುಬೆರಳ ಸಂದಿನ ಮೂರನೇ ಹೊಲಿಗೆ ತಪ್ಪಿತ್ತು. ಎಡಗೈಯಲ್ಲಿ ಮೂರನೆಯದೇ ತಪ್ಪಿತ್ತು. ನಡುವಿನ ಗೆರೆ ಎರಡರಲ್ಲೂ ಒಂದೇ ಕಡೆ ವಾಲಿ, ಒಂದೇ ಕಡೆ ನೆಟ್ಟಗಾಗಿತ್ತು. ಅವನು ಇನ್ನೊಂದು ಜೊತೆ ತೆಗೆದ, ಮತ್ತೊಂದು ತೆಗೆದ. ಹತ್ತು ಜೊತೆ ನೆಲದ ಮೇಲೆ ಹರಡಿದ. ಒಂದೊಂದರ ತಪ್ಪೂ ಬೇರೆ, ಜೊತೆಯೊಳಗೆ ಮಾತ್ರ ಕೂದಲೆಳೆಯ ವ್ಯತ್ಯಾಸವಿಲ್ಲ. ಅಷ್ಟು ಕರಾರುವಾಕ್ಕಾಗಿ ಕೆಟ್ಟದಾಗಿ ಹೊಲಿಯುವ ಕೈ ಪ್ರಪಂಚದಲ್ಲಿ ಇನ್ನೊಂದಿರಲಾರದು.

“ಅಕ್ಕಾ, ಏನಿದು?”

ಅಕ್ಕ ಕಿಟಕಿಯ ಹತ್ತಿರ ಕೂತೇ ಇದ್ದಳು. “ಯಾಕೆ? ಪಕ್ಕಪಕ್ಕ ಇಟ್ಟು ನೋಡು. ಎಲ್ಲಾದ್ರೂ ಹೆಚ್ಚುಕಮ್ಮಿ ಇದ್ರೆ ಹೇಳು, ತಿದ್ತೀನಿ.”

“ಇದನ್ನ ತಗೊಂಡ್ಹೋದ್ರೆ ಅವಳ ಕೆಲಸ ಇವತ್ತೇ ಹೋಗುತ್ತೆ!”

“ಹೋಗುತ್ತೆ.”

“ಏನಕ್ಕಾ, ಸಾಕಿದ ಕೈಯಲ್ಲೇ...” ಅವನು ಕೈಯಲ್ಲಿದ್ದ ಜೊತೆಯನ್ನು ನೆಲಕ್ಕೆ ಹಾಕಿದ. “ನಿನಗೂ ಊಟ ಹಾಕೋದು ಅದೇ ಕೆಲಸ ಅಲ್ವಾ?”

“ಊಟದ ಮಾತು ಎತ್ತಿದ್ಯಾ? ಎತ್ತಪ್ಪ.” ಅವಳ ದನಿ ಏರಲಿಲ್ಲ. “ಒಂದು ಮಾತು ಕೇಳು. ಆ ಹೆಂಗಸು ಬರೋದು ಮಧ್ಯಾಹ್ನದ ಮೇಲೆ ಅಂತ ನಿನ್ನೆ ನೀನೇ ಅಂದೆ. ಹೆಬ್ಬೆರಳು ಬಿಚ್ಚಿ ಹೊಲಿಯೋಕೆ ನಂಗೆಷ್ಟು ಹೊತ್ತು ಬೇಕು ಅಂತ ನಿಂಗೊತ್ತು. ಎಡಗೈ ಬಲಗೈ ಎರಡನ್ನೂ ಸರಿಮಾಡಿ, ಆಗೋವಷ್ಟನ್ನ ಮೇಲೆ ಜೋಡಿಸಿ ಕೊಡ್ತೀನಿ. ನಿನ್ ಹೆಂಡ್ತೀನ ಒಳಗೆ ಕರಿ. ಅವಳ ಎದುರಿಗೆ ಹೇಳು: ಅಕ್ಕನ ಹೊಲಿಗೆ ನಿನ್ನದಕ್ಕಿಂತ ಮೇಲು, ಆವತ್ತೂ ಕಂಡಿತ್ತು, ಕಂಡೂ ಸುಳ್ಳು ಹೇಳಿದೆ ಅಂತ. ನಮ್ಮ ಭಾಷೇಲೇ ಹೇಳು. ಅದಕ್ಕೆ ಯಾವ ಪಾಠನೂ ಬೇಡ.”

ಅವಳು ಬಟ್ಟೆಯ ಚೂರು ಬಿಚ್ಚಿ ಒಂದು ಸೂಜಿ ತೆಗೆದಳು. ದಾರ ಪೋಣಿಸಿ, ಗಂಟು ಹಾಕಿ, ಕಾದು ಕೂತಳು.

“ರೀ, ಹೊತ್ತಾಯ್ತು! ಏನ್ ಮಾಡ್ತಿದ್ದೀರಿ ಒಳಗೆ?” ಹೆಂಡತಿ ಬೀದಿಯಿಂದ ಕೂಗಿದಳು.

ಕತ್ತರಿಗಾರ ಬಾಗಿಲಿಗೆ ಎರಡು ಹೆಜ್ಜೆ ಇಟ್ಟ. ಹೊಸಿಲಿನಿಂದ ಹೆಂಡತಿಯ ಮುಖ ಕಂಡಿತು. ಬಿಸಿಲಿಗೆ ಹುಬ್ಬು ಗಂಟಿಕ್ಕಿ, ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು. ಒಳಗೆ ಬಾ ಎನ್ನಲು ಅವನು ಬಾಯಿ ತೆರೆದ. ಅವಳನ್ನು ಕರೆದು, ಅಕ್ಕನ ಮುಂದೆ ನಿಲ್ಲಿಸಿ, ಆ ಮಾತು ಹೇಳಿ, ಆಮೇಲೆ ಆ ಮುಖವನ್ನು ನೋಡಿಕೊಂಡು ಬದುಕಬೇಕಾದ ವರ್ಷಗಳು ಅವನ ಕಣ್ಣ ಮುಂದೆ ಬಂದವು. ನಾಲ್ಕು ಮಾತಿನ ಕೆಲಸ. ಆರು ಮನೆಯ ಹೆಂಗಸರ ಬಗ್ಗೆ ಅಷ್ಟೇ ಮಾತನ್ನು ಅವನು ನಿಂತ ನಿಲುವಿನಲ್ಲಿ ಹೇಳಿದ್ದ.

ಹಿಂದಕ್ಕೆ ಬಂದ. ನೆಲದ ಮೇಲೆ ಹರಡಿದ್ದ ಹತ್ತು ಜೊತೆಗಳನ್ನೂ ಒಂದೊಂದಾಗಿ ಕೂಡಿಸಿ ಪೆಟ್ಟಿಗೆಗೆ ಹಾಕಿದ. ಮುಚ್ಚಳ ಹಾಕಿ, ಚೀಲದ ಬಾಯಿ ಕಟ್ಟಿ, ಹೆಗಲಿಗೆ ಏರಿಸಿದ. ಅಕ್ಕನ ಕಡೆ ನೋಡಲಿಲ್ಲ.

“ಏನಂತಿದ್ರು ಅತ್ತಿಗೆ?” ದಾರಿಯಲ್ಲಿ ಹೆಂಡತಿ ಕೇಳಿದಳು.

“ಏನಿಲ್ಲ. ಬೇಗ ನಡಿ.”

ಮಧ್ಯಾಹ್ನದ ಮೇಲೆ ಕನ್ನಡಕದಮ್ಮ ಬಂದಳು. ಏಳೂ ಪೆಟ್ಟಿಗೆಗಳನ್ನು ಸಾಲಾಗಿ ಇಟ್ಟಿದ್ದರು. ಕೊನೆಯದನ್ನು ತೆರೆದು ಒಂದು ಜೊತೆಯನ್ನು ಮರದ ಕೈಗಳಿಗೆ ತೊಡಿಸಿದಳು, ತೆಗೆದಳು. ಎರಡನೆಯದನ್ನು ತೊಡಿಸಿದಳು, ತೆಗೆದಳು. ಮೂರನೆಯದನ್ನು ತೊಡಿಸಲಿಲ್ಲ, ಹಿಡಿದು ನೋಡಿ ಹಾಗೆಯೇ ಪೆಟ್ಟಿಗೆಗೆ ಬಿಟ್ಟಳು. ಈ ಸಲ ಅವಳು ಕತ್ತರಿಗಾರನನ್ನು ಏನೂ ಕೇಳಲಿಲ್ಲ. ಪೆನ್ನಿನ ಮುಚ್ಚಳ ತೆಗೆದಳು.

ಹೆಂಡತಿಗೆ ಏನಾಗುತ್ತಿದೆ ಎಂದು ತಿಳಿಯಲಿಲ್ಲ. ಒಂದು ಎಡಗೈಯನ್ನು ಎತ್ತಿ ನೋಡಿದಳು, ಅದರ ಬಲಗೈಯನ್ನು ನೋಡಿದಳು, ಮತ್ತೆ ಎಡಗೈಯನ್ನು ನೋಡಿದಳು. ಬಣ್ಣ ಇಳಿದ ಮುಖವನ್ನು ಎತ್ತಿ ಶೆಡ್ಡಿನ ಬಾಗಿಲ ಕಡೆ, ದೊಡ್ಡ ಮೇಜಿನ ಕಡೆ ತಿರುಗಿದಳು.

“ರೀ” ಎಂದಳು. “ನಿಮಗೆ ಗೊತ್ತಿತ್ತಾ?”

ಕತ್ತರಿಗಾರ ಬೆನ್ನು ತಿರುಗಿಸಿ ನಿಂತು ತೊಗಲಿಗೆ ನೀರು ಚಿಮುಕಿಸುತ್ತಿದ್ದ. ಅದು ಆಗಲೇ ಸಾಕಷ್ಟು ತೇವವಾಗಿತ್ತು. ಅವನು ಚಿಮುಕಿಸುತ್ತಲೇ ಇದ್ದ.